ಬರದ ಹೊಲದಲ್ಲಿ ಬೆಳೆದ ಮಗುವಿನ ಕಥೆ: ಮಕ್ಕಳಿಗಾಗಿ ಚಾರಿತ್ರಿಕ ಕಾದಂಬರಿ ಬರೆಯುವುದು ಹೇಗೆ?

ಚಿಕ್ಕವನಿದ್ದಾಗ ನಾನು ತಟ್ಟೆಯಲ್ಲಿ ಮುದ್ದೆ ಬಿಟ್ಟರೆ ಅಜ್ಜಿ ಒಂದೇ ಮಾತು ಹೇಳುತ್ತಿದ್ದಳು: "ಧಾತು ಈಶ್ವರದಾಗೆ ಹುಟ್ಟಿದ್ರೆ ಗೊತ್ತಾಗ್ತಿತ್ತು ನಿಂಗೆ." ಅದು ಯಾವುದೋ ದೇವರ ಹೆಸರು ಅಂತಲೇ ನಾನು ಬಹಳ ದಿನ ನಂಬಿದ್ದೆ. ಆಮೇಲೆ ತಿಳಿಯಿತು, ಅದು ಎರಡು ಸಂವತ್ಸರಗಳ ಹೆಸರು. 1876-77 ಧಾತು, 1877-78 ಈಶ್ವರ. ಆ ಎರಡು ವರ್ಷ ದಕ್ಷಿಣ ಭಾರತದ ಬಹುಭಾಗದಲ್ಲಿ ದೊಡ್ಡ ಬರ ಬಿದ್ದಿತ್ತು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಜನರಿದ್ದರು. 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ ಇದ್ದರು. ಅಜ್ಜಿ ಆ ಬರವನ್ನು ಕಂಡವಳಲ್ಲ. ಅವಳ ಅಜ್ಜಿಯ ಬಾಯಿಂದ ಬಂದ ಮಾತು ಅದು.

ಇಂಥ ಕಾಲದ ಬಗ್ಗೆ ಹತ್ತರಿಂದ ಹದಿಮೂರು ವರ್ಷದ ಮಕ್ಕಳಿಗೆ ಕಾದಂಬರಿ ಬರೆಯಬೇಕು ಅಂತ ಆಸೆ ಇರುವವರಿಗಾಗಿ ಈ ಬರಹ. ನಾನೇ ಇದಕ್ಕೆ ಕೂತಾಗ ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ ನನಗೆ ಅರ್ಥವಾದದ್ದು ಇಷ್ಟು: ಬರ ಬಿದ್ದ ಮನೆಯ ಮಗು ದಿನವಿಡೀ ಎಣಿಸುತ್ತಿರುತ್ತದೆ. ಎಷ್ಟು ಬಿಂದಿಗೆ ನೀರು, ಎಷ್ಟು ಕೊಳಗ ರಾಗಿ, ಎತ್ತಿನ ಮೈಯಲ್ಲಿ ಎಷ್ಟು ಎಲುಬು ಕಾಣುತ್ತಿದೆ, ಇನ್ನೆಷ್ಟು ದಿನಕ್ಕೆ ಮುಂದಿನ ಮಳೆ. ಕಾದಂಬರಿಯನ್ನು ಆ ಎಣಿಕೆಯ ಮೇಲೆ ಕಟ್ಟಿದರೆ ಮಿಕ್ಕದ್ದೆಲ್ಲ ತಾನಾಗಿ ಕೂಡಿಕೊಳ್ಳುತ್ತದೆ.

ಹಂತ 1: ಒಂದು ಸೀಮೆ, ಒಂದು ಹೊಲ ಆರಿಸಿಕೊಳ್ಳಿ

"ಕರ್ನಾಟಕದ ಒಂದು ಹಳ್ಳಿ" ಅಂದರೆ ಸಾಲದು. ಆಗ ಕರ್ನಾಟಕವೇ ಇರಲಿಲ್ಲ. ಬಳ್ಳಾರಿ ಮದ್ರಾಸ್ ಸರ್ಕಾರಕ್ಕೆ ಸೇರಿತ್ತು. ಧಾರವಾಡ, ಬೆಳಗಾವಿ, ಕಲಾದಗಿ ಬೊಂಬಾಯಿಗೆ ಸೇರಿದ್ದವು (ಇಂದಿನ ವಿಜಯಪುರ, ಬಾಗಲಕೋಟೆ ಕಡೆಯ ಜಿಲ್ಲೆಗೆ ಆಗ ಕಲಾದಗಿ ಅಂತಲೇ ಹೆಸರು). ರಾಯಚೂರು, ಗುಲ್ಬರ್ಗ ನಿಜಾಮರದು. ಮೈಸೂರನ್ನು 1831ರಿಂದ ಬ್ರಿಟಿಷ್ ಕಮಿಷನರುಗಳು ಆಳುತ್ತಿದ್ದರು. ಯಾರ ಸರ್ಕಾರ ಅನ್ನುವುದರ ಮೇಲೆ ನಿಮ್ಮ ಕಥೆಯಲ್ಲಿ ಬರುವ ಅಧಿಕಾರಿ, ಕೂಲಿ, ಗಂಜಿ, ಕಂದಾಯ ಎಲ್ಲ ಬದಲಾಗುತ್ತದೆ.

ನಾನು ಆರಿಸಿಕೊಂಡದ್ದು ಶಿರಾ–ಮಧುಗಿರಿ ನಡುವಿನ ಕೆಂಪು ನೆಲ. ನೀವು ನಿಮಗೆ ನಡೆದು ಗೊತ್ತಿರುವ ನೆಲವನ್ನೇ ಹಿಡಿಯಿರಿ. ಹೊಲದ ನಕ್ಷೆ ಬರೆದುಕೊಳ್ಳಿ. ಬಾವಿ ಎಲ್ಲಿದೆ, ಕೆರೆಗೆ ಎಷ್ಟು ದೂರ, ಹುಣಿಸೆಮರ ಯಾವ ಬದುವಿನಲ್ಲಿದೆ, ಹಟ್ಟಿ ಯಾವ ದಿಕ್ಕಿಗಿದೆ. ಮಗು ನೀರಿಗೆ ಹೋಗಿ ಬರುವ ದಾರಿಯನ್ನು ಒಮ್ಮೆ ಏಪ್ರಿಲ್ ಬಿಸಿಲಲ್ಲಿ ನೀವೇ ಬಿಂದಿಗೆ ಹೊತ್ತು ನಡೆಯಿರಿ. ತುಂಬಿದ ಬಿಂದಿಗೆ ಕತ್ತಿಗೆ ಏನು ಮಾಡುತ್ತದೆ ಅಂತ ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ.

ಓದಬೇಕಾದದ್ದೂ ಇದೆ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಸರಿಯಾಗಿ ಆ ಕಾಲದ್ದೇ. ಫ್ರಾನ್ಸಿಸ್ ಬುಕನನ್ 1800-01ರಲ್ಲಿ ಈ ಸೀಮೆಯಲ್ಲಿ ಓಡಾಡಿ, ಯಾವ ನೆಲದಲ್ಲಿ ಏನು ಬಿತ್ತುತ್ತಾರೆ ಅಂತ ಹೊಲಹೊಲವೂ ಬರೆದಿಟ್ಟಿದ್ದಾನೆ. ಬರದ ಸರ್ಕಾರಿ ಕಥೆಗೆ ವಿಲಿಯಂ ಡಿಗ್ಬಿ 1878ರಲ್ಲಿ ಬರೆದ ಎರಡು ಸಂಪುಟ ಇವೆ. ಆದರೆ ಇವರೆಲ್ಲ ದೊರೆಗಳ ಕಣ್ಣಿಂದ ನೋಡಿದವರು. ಮಗು ಏನು ನೋಡಿತು ಅನ್ನುವುದಕ್ಕೆ ಬೀಸುವ ಪದ, ಗಾದೆ, ಊರಿನ ಹಿರಿಯರ ಮಾತುಗಳೇ ಗತಿ. ಹಿರಿಯರನ್ನು ಕೇಳುವಾಗ "ಬರ ಹೇಗಿತ್ತು?" ಅಂತ ಕೇಳಬೇಡಿ. "ಅಜ್ಜಿ, ಆಗ ಎತ್ತಿಗೆ ಏನು ಹಾಕ್ತಿದ್ರಂತೆ?" ಅಂತ ಕೇಳಿ. ಮಾತು ಹರಿಯುತ್ತದೆ.

ಹಂತ 2: ಮಳೆಯ ಪಟ್ಟಿಯೇ ಅಧ್ಯಾಯಗಳ ಪಟ್ಟಿ

ರೈತನ ಮನೆಯ ಕ್ಯಾಲೆಂಡರ್ ಮಳೆ ನಕ್ಷತ್ರಗಳದು. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರೆ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖೆ. ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಪ್ರತಿ ಅಧ್ಯಾಯಕ್ಕೂ ಒಂದು ಮಳೆಯ ಹೆಸರಿಡಿ. ಆ ಮಳೆ ಬಂದಿದ್ದರೆ ಹೊಲದಲ್ಲಿ ಏನು ಕೆಲಸ ಇರುತ್ತಿತ್ತು, ಬರದೆ ಹೋದದ್ದರಿಂದ ಏನಾಯಿತು, ಇವೆರಡನ್ನೂ ಪಕ್ಕಪಕ್ಕ ಬರೆದುಕೊಳ್ಳಿ.

ಇದರಿಂದ ಒಂದು ದೊಡ್ಡ ಅನುಕೂಲ ಇದೆ. ಬರ ಒಂದೇ ದಿನ ಬಂದು ಬೀಳುವುದಿಲ್ಲ. ಭರಣಿ ಹೋದರೆ ರೋಹಿಣಿ ಇದೆ ಅಂತಾರೆ. ರೋಹಿಣಿ ಹೋದರೆ ಆರಿದ್ರೆ. ಮಘೆಯ ಹೊತ್ತಿಗೆ ಊರಿನ ದನಿಯೇ ಬದಲಾಗಿರುತ್ತದೆ. "ಬಂದರೆ ಮಘೆ, ಹೋದರೆ ಹೊಗೆ" ಅನ್ನುವ ಗಾದೆ ಹುಟ್ಟಿದ್ದೇ ಆ ಭಯದಿಂದ ಅಲ್ವಾ? ಓದುವ ಮಗುವೂ ಹೀಗೆ ಮಳೆಯಿಂದ ಮಳೆಗೆ ಕಾಯುತ್ತಾ ಹೋಗಲಿ.

ಈ ಪಟ್ಟಿಯೊಳಗೆ ಮಕ್ಕಳೇ ಮುಂದೆ ನಿಲ್ಲುವ ಒಂದು ಸಂದರ್ಭ ಇದೆ, ಬಿಡಬೇಡಿ. ಹಳೇ ಮೈಸೂರು ಕಡೆ ಹುಡುಗರು ಮಣ್ಣಿನ ಮಳೆರಾಯನನ್ನು ಹಲಗೆ ಮೇಲೆ ಕೂರಿಸಿ ತಲೆ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಅದೇ ಗುರ್ಜಿ. ಮನೆಯವರು ನೀರು ಹುಯ್ಯಬೇಕು, ಒಂದು ಹಿಡಿ ಹಿಟ್ಟೋ ಕಾಳೋ ಕೊಡಬೇಕು. ಯೋಚಿಸಿ: ಊರಿನ ಬಾವಿಯಲ್ಲಿ ಕೆಸರು ಮಾತ್ರ ಉಳಿದಿದೆ. ಮಳೆರಾಯನನ್ನು ಹೊತ್ತ ಹುಡುಗ ಬಾಗಿಲಲ್ಲಿ ನಿಂತಿದ್ದಾನೆ. ಒಳಗಿಂದ ಬರುವ ಅವ್ವನ ಕೈಯಲ್ಲಿ ಏನಿರುತ್ತದೆ? ಒಂದು ಮನೆಯಲ್ಲಿ ಅರ್ಧ ಚೆಂಬು. ಮುಂದಿನ ಮನೆಯಲ್ಲಿ ಬೊಗಸೆ. ಕೊನೆಯ ಮನೆಯಲ್ಲಿ ಒದ್ದೆ ಬೆರಳು. ಹುಡುಗನ ಮುಖದ ಮೇಲೆ ಇಳಿಯುವ ಆ ನೀರನ್ನು ಅವನು ನಾಲಿಗೆ ಚಾಚಿ ಹಿಡಿಯುತ್ತಾನೆ. ಇಷ್ಟು ಬರೆದರೆ ಬರದ ಬಗ್ಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಹಂತ 3: ಹಗೇವಿನ ಲೆಕ್ಕ ಹಾಕಿ

ಇದೇ ಕಾದಂಬರಿಯ ಬೆನ್ನೆಲುಬು. ನಿಧಾನವಾಗಿ ಮಾಡಿ.

ಹಗೇವು ಅಂದರೆ ಗಟ್ಟಿ ನೆಲದಲ್ಲಿ ತೋಡಿದ ಕಣಜ. ಬಾಯಿ ಕಿರಿದು, ಒಳಗೆ ಗುಡಾಣದ ಹಾಗೆ ಅಗಲ. ತಳಕ್ಕೆ, ಸುತ್ತಲೂ ಹುಲ್ಲು ಕೊಟ್ಟು ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿ ನೀರು ತಾಗದಿದ್ದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ರಾಗಿ ಸೀಮೆ ಒಂದು ವರ್ಷದ ಬರಕ್ಕೆ ಹೆದರದೆ ಇದ್ದದ್ದು ಇದರಿಂದಲೇ. ಧಾತುವನ್ನು ಹೇಗೋ ದಾಟಿದವರನ್ನು ಈಶ್ವರ ಮುರಿಯಿತು.

ಈಗ ನಿಮ್ಮ ಕಥೆಯ ಮನೆಗೆ ಲೆಕ್ಕ ಹಾಕಿ. ನನ್ನ ಕಥೆಗೆ ನಾನು ಹಾಕಿಕೊಂಡದ್ದನ್ನು ಹೇಳುತ್ತೇನೆ. ಮನೆಯಲ್ಲಿ ಮೂರು ಜನ ದೊಡ್ಡವರು, ಮೂರು ಮಕ್ಕಳು. ಮೈಮುರಿದು ದುಡಿಯುವವರಿಗೆ ದಿನಕ್ಕೆ 600 ಗ್ರಾಂ ರಾಗಿ, ಮಕ್ಕಳಿಗೆ 300 ಗ್ರಾಂ. ಒಟ್ಟು ದಿನಕ್ಕೆ 2 ಕಿಲೋ 700 ಗ್ರಾಂ. ಹಗೇವಿನಲ್ಲಿ 400 ಕಿಲೋ ಸಿಕ್ಕಿತು ಅಂತ ಇಟ್ಟುಕೊಂಡರೆ 148 ದಿನ. 1876ರ ದೀಪಾವಳಿಗೆ ತೆಗೆದರೆ ಸುಮಾರು 1877ರ ಯುಗಾದಿಗೆ ಮುಗಿಯುತ್ತದೆ. ಅಂದರೆ ಈಶ್ವರ ಸಂವತ್ಸರ ಹುಟ್ಟುವ ದಿನ ಕಣಜ ಖಾಲಿ. ಅಜ್ಜಿ ಜಾಣೆ. ಮೊದಲ ದಿನವೇ ಮುದ್ದೆ ಸಣ್ಣದು ಮಾಡಿ ದಿನಕ್ಕೆ 2 ಕಿಲೋಗೆ ಇಳಿಸುತ್ತಾಳೆ. 200 ದಿನ. ಮೇ ತಿಂಗಳ ಮೊದಲ ವಾರಕ್ಕೆ ಬಂದು ನಿಂತಿತು. ಮುದ್ದೆ ಹೋಗಿ ಅಂಬಲಿ ಆಗುವುದು ಯಾವ ದಿನ, ಎರಡು ಹೊತ್ತು ಒಂದು ಹೊತ್ತಾಗುವುದು ಯಾವ ದಿನ, ಎಲ್ಲವನ್ನೂ ಈ ಲೆಕ್ಕ ಹೇಳಿಕೊಡುತ್ತದೆ.

ಇದರ ಜೊತೆಗೆ ಬಿತ್ತನೆ ರಾಗಿ. ಅದನ್ನು ಬೇರೆಯೇ ಮಡಕೆಯಲ್ಲಿ ಇಟ್ಟಿರುತ್ತಾರೆ. ಮೂರು ಎಕರೆಗೆ ಹದಿನಾರು ಕಿಲೋ ಅಂದುಕೊಳ್ಳಿ. ಆ ಮನೆಗೆ ಅದು ಆರು ದಿನದ ಹೊಟ್ಟೆತುಂಬ ಊಟ. ತಿಂದರೆ ಆರು ದಿನ, ಬಿತ್ತಿದರೆ ಮುಂದಿನ ವರ್ಷ. ಹಸಿದ ತಮ್ಮ ಆ ಮಡಕೆಯನ್ನೇ ನೋಡುತ್ತಾ ಕೂತಿರುವ ದೃಶ್ಯ ನಿಮ್ಮ ಕಾದಂಬರಿಯ ನಡುಮಧ್ಯೆ ಇರಲಿ.

ಲೆಕ್ಕ ನಿಮ್ಮ ನೋಟ್‌ಬುಕ್ಕಿನಲ್ಲಿ ಇರಬೇಕು, ಕಾದಂಬರಿಯಲ್ಲಿ ಕಿಲೋ, ಗ್ರಾಂ ಕಾಣಬಾರದು. ಅಲ್ಲಿ ಬರುವುದು ಸೇರು, ಕೊಳಗ, ಖಂಡಗ. ಇಪ್ಪತ್ತು ಕೊಳಗಕ್ಕೆ ಒಂದು ಖಂಡಗ. ಕೊಳಗದ ಅಳತೆ ಊರಿಂದ ಊರಿಗೆ ಬೇರೆ ಇತ್ತು, ಆದ್ದರಿಂದ ನಿಮ್ಮ ಊರಿನ ಕೊಳಗ ಎಷ್ಟು ಅಂತ ಒಮ್ಮೆ ನಿರ್ಧರಿಸಿ ಕೊನೆವರೆಗೂ ಅದಕ್ಕೇ ಅಂಟಿಕೊಳ್ಳಿ.

ಲೆಕ್ಕ ದೃಶ್ಯವಾಗುವುದು ಹೇಗೆ ಅಂತ ತೋರಿಸಲು ನನ್ನ ಕರಡಿನ ಒಂದು ತುಣುಕು ಕೊಡುತ್ತೇನೆ. ತಿಮ್ಮಕ್ಕನಿಗೆ ಹನ್ನೊಂದು ವರ್ಷ.

"ಕಲ್ಲು ಸರಿಸಿದ ಮೇಲೆ ಅಪ್ಪ ಯಾರನ್ನೂ ಹತ್ತಿರ ಬಿಡಲಿಲ್ಲ. ಒಳಗಿಂದ ಬಿಸಿ ಗಾಳಿ ಎದ್ದು ಮುಖಕ್ಕೆ ಬಡಿಯಿತು. ತಾತ ಹೊಂಗೆಣ್ಣೆ ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಒಂದಾಳುದ್ದ ಇಳಿಯುವುದರೊಳಗೆ ದೀಪ ಆರಿತು.

‘ಇವತ್ತು ಬ್ಯಾಡ. ಕೆಟ್ಟ ಗಾಳಿ ಐತೆ. ದೀಪ ಬದುಕದ ಕಡೆ ಮನುಷ್ಯ ಬದುಕಲ್ಲ’ ಅಂದ ತಾತ.

ಮಾರನೇ ದಿನ ದೀಪ ತಳದವರೆಗೂ ಉರಿಯಿತು. ಅಪ್ಪ ಇಳಿದ. ಮೇಲೆ ಬಂದ ರಾಗಿಯನ್ನು ತಾತ ಅಳೆದ. ಮೊದಲ ಕೊಳಗಕ್ಕೆ ‘ಲಾಭ’ ಅಂದ. ಆಮೇಲೆ ಎರಡು, ಮೂರು. ತಿಮ್ಮಕ್ಕ ಬೆರಳು ಮಡಚುತ್ತಾ ಹೋದಳು. ಮೂರನೇ ಸಲ ಕೈಬೆರಳು ಮುಗಿಯುವ ಮುಂಚೆಯೇ ಒಳಗಿಂದ ಅಪ್ಪನ ದನಿ ಬಂತು.

‘ಅಪ್ಪಯ್ಯ, ಹುಲ್ಲು ಸಿಗ್ತಾ ಐತೆ.’

ತಾತ ಕೊಳಗವನ್ನು ಮೆಲ್ಲಗೆ ಕೆಳಗಿಟ್ಟ. ಹುಲ್ಲು ಸಿಕ್ಕಿತು ಅಂದರೆ ಅದೇ ತಳ. ಅಲ್ಲಿನ ರಾಗಿ ನೀರು ತಾಗಿ ಕಪ್ಪಗೆ ಗಟ್ಟಿಕಟ್ಟಿತ್ತು."

ರಾಶಿ ಅಳೆಯುವಾಗ ಒಂದು ಅನ್ನದೆ "ಲಾಭ" ಅನ್ನುವುದು ನಮ್ಮ ಕಡೆಯ ಪದ್ಧತಿ. ಆ ದಿನವೂ ತಾತ ಆ ಮಾತನ್ನು ಬಿಡಲಿಲ್ಲ. ಇಲ್ಲಿ ಯಾರೂ ಅಳುವುದಿಲ್ಲ, "ದುಃಖ" ಅನ್ನುವ ಪದವೂ ಬಂದಿಲ್ಲ. ಓದುವ ಮಗು ಜೊತೆಗೆ ಬೆರಳು ಮಡಚಿದರೆ ಸಾಕು.

ಹಂತ 4: ಹಗೇವು ಇಲ್ಲದ ಮನೆಯ ಮಗುವನ್ನೂ ತನ್ನಿ

ನಾನು ಮೊದಲ ಕರಡಿನಲ್ಲಿ ಮಾಡಿದ ದೊಡ್ಡ ತಪ್ಪು ಇದು. ಹಗೇವು ಇದ್ದ ಮನೆ ಅಂದರೆ ಅಷ್ಟೋ ಇಷ್ಟೋ ಅನುಕೂಲ ಇದ್ದ ಮನೆ. ಊರಾಚೆ ಹಟ್ಟಿಯಲ್ಲಿ ದಿನದ ಕೂಲಿ ನಂಬಿದವರಿಗೆ, ಮಗ್ಗ ನಂಬಿದ ನೇಕಾರರಿಗೆ ಹಗೇವೂ ಇಲ್ಲ, ಹೊಲವೂ ಇಲ್ಲ. ಬಿತ್ತನೆ ನಿಂತ ದಿನವೇ ಅವರ ಕೂಲಿ ನಿಂತಿತು. ತಿಮ್ಮಕ್ಕನ ಮನೆಗೆ ಹಸಿವು ಮೇ ತಿಂಗಳಿಗೆ ಬಂದರೆ, ಅವಳ ಜೊತೆ ದನ ಕಾಯುವ ಕೆಂಚನ ಮನೆಗೆ ಹಿಂದಿನ ವರ್ಷವೇ ಬಂದಿರುತ್ತದೆ. ಒಂದೇ ಬರಕ್ಕೆ ಎರಡು ಪಂಚಾಂಗ. ಇಬ್ಬರು ಮಕ್ಕಳ ಗೆಳೆತನದಲ್ಲಿ ಇದನ್ನು ತೋರಿಸಿದರೆ ಜಾತಿಯ ಪಾಠ ಮಾಡಬೇಕಾಗಿಲ್ಲ. ಅವಳ ಬುತ್ತಿಯಲ್ಲಿ ಮುದ್ದೆ ಇದೆ, ಅವನದರಲ್ಲಿ ಬರೀ ಸೊಪ್ಪು ಇದೆ. ಅವಳು ಕೊಡಬೇಕು ಅಂದುಕೊಂಡರೂ ಮುಟ್ಟಿ ಕೊಡುವಂತಿಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ಅದು ಸುಳ್ಳು ಚರಿತ್ರೆ.

ಇನ್ನೊಂದು ಮಾತು. ಆ ಕಾಲದಲ್ಲಿ ಹನ್ನೊಂದು ವರ್ಷದ ಹುಡುಗಿಗೆ ಮದುವೆ ಆಗಿರುವುದೂ ಇತ್ತು, ಮಾತುಕತೆ ಆಗಿರುವುದಂತೂ ಮಾಮೂಲು. ಇವತ್ತಿನ ಶಾಲೆಯ ಹುಡುಗಿಯನ್ನು ಹಾಗೇ ಎತ್ತಿ 1876ಕ್ಕೆ ಇಡಬೇಡಿ. ಅವಳ ಧೈರ್ಯ ಅವಳ ಕಾಲದ ಕೆಲಸಗಳಲ್ಲೇ ಕಾಣಲಿ: ರಾಗಿ ಬೀಸುವುದು, ಸಗಣಿ ಆರಿಸುವುದು, ಅಟ್ಟಣೆ ಹತ್ತಿ ಕವಣೆಯಲ್ಲಿ ಹಕ್ಕಿ ಓಡಿಸುವುದು, ಬತ್ತಿದ ಬಾವಿಗೆ ಇಳಿದು ಚಿಪ್ಪಿನಲ್ಲಿ ನೀರು ಗೋರುವುದು.

ಹಂತ 5: ಆಗ ಇಲ್ಲದ್ದನ್ನು ಕಿತ್ತು ಹಾಕಿ

ಬರದ ನೆಲ ಅಂದ ಕೂಡಲೇ ಬಳ್ಳಾರಿ ಜಾಲಿ ಕಣ್ಣಿಗೆ ಬರುತ್ತದೆ. ಆದರೆ ಆ ಗಿಡ ಇಂಡಿಯಾಕ್ಕೆ ಕಾಲಿಟ್ಟದ್ದೇ 1870ರ ದಶಕದ ಕೊನೆಯಲ್ಲಿ. ಪಾರ್ಥೇನಿಯಂ ಕಾಣಿಸಿಕೊಂಡದ್ದು 1950ರ ದಶಕದಲ್ಲಿ. ನಿಮ್ಮ ಬದುವಿನಲ್ಲಿ ಪಾಪಾಸುಕಳ್ಳಿ, ಕರಿಜಾಲಿ, ಹೊಂಗೆ, ತಂಗಡಿ ಇರಲಿ. ಹಸಿದ ಮಕ್ಕಳು ಮುಳ್ಳು ಉಜ್ಜಿ ತೆಗೆದು ಪಾಪಾಸುಕಳ್ಳಿಯ ಹಣ್ಣು ತಿಂದು ಬಾಯಿ ಕೆಂಪು ಮಾಡಿಕೊಳ್ಳಲಿ.

ಹಳ್ಳಿಯ ಗುಡಿಸಲಿನಲ್ಲಿ ಸೀಮೆಎಣ್ಣೆ ಬುಡ್ಡಿ ಇಡಬೇಡಿ. ಹೊಂಗೆಣ್ಣೆ, ಹರಳೆಣ್ಣೆ ಸರಿ. ನೀರೆತ್ತಲು ಕಪಿಲೆ, ಏತ. ದುಡ್ಡು ಅಂದರೆ ಹದಿನಾರಾಣೆಗೆ ಒಂದು ರೂಪಾಯಿ. ದೂರ ಅಂದರೆ ಹರದಾರಿ. ಓದು ಅಂದರೆ ಕೂಲಿಮಠದಲ್ಲಿ ಮರಳ ಮೇಲೆ ಅಕ್ಷರ, ಅದೂ ಕೆಲವರಿಗಷ್ಟೇ.

ರೈಲಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಮದ್ರಾಸಿನಿಂದ ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು. ಮೈಸೂರಿಗೆ ಹೋದದ್ದು 1882ರಲ್ಲಿ, ತುಮಕೂರಿಗೆ 1884ರಲ್ಲಿ. ಇದು ಬರೀ ತಾರೀಖಿನ ಮಾತಲ್ಲ, ಕಥೆಯ ಗಂಟು ಇಲ್ಲೇ ಇದೆ. ಬೆಂಗಳೂರಿಗೆ ಮೂಟೆ ಬಂದು ಬೀಳುತ್ತದೆ, ಆದರೆ ಅಲ್ಲಿಂದ ಹಳ್ಳಿಗೆ ಎಳೆಯಲು ಎತ್ತಿನ ಗಾಡಿ ಬೇಕು. ಎತ್ತು ಮೇವಿಲ್ಲದೆ ಸತ್ತಿವೆ. ಹಾಗಾಗಿ ಜನವೇ ಅಕ್ಕಿ ಇರುವ ಕಡೆ ನಡೆದರು. ನಿಮ್ಮ ಕಥೆಯಲ್ಲಿ ಗುಳೆ ಹೊರಡುವ ಅಧ್ಯಾಯ ಇದ್ದರೆ ಅದಕ್ಕೆ ಕಾರಣ ಇದು.

ಹಂತ 6: ಸರ್ಕಾರವನ್ನು ಮಗುವಿನ ಎತ್ತರದಿಂದ ತೋರಿಸಿ

1877ರ ಜನವರಿ 1ರಂದು ದೆಹಲಿಯಲ್ಲಿ ದರ್ಬಾರು ಮಾಡಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಅಂತ ಸಾರಿದರು. ಅದೇ ತಿಂಗಳು ವೈಸರಾಯರು ಕಳಿಸಿದ ಸರ್ ರಿಚರ್ಡ್ ಟೆಂಪಲ್ ಮದ್ರಾಸ್ ಸೀಮೆಯ ಬರದ ಕೆಲಸಗಳಲ್ಲಿ ಕೂಲಿ ಇಳಿಸಿದರು. ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಒಂದಾಣೆ. ಪೌಂಡ್ ಅಂದರೆ ಸುಮಾರು 450 ಗ್ರಾಂ. ನಿಮ್ಮ ನೋಟ್‌ಬುಕ್ಕಿನ 600 ಗ್ರಾಂ ಪಕ್ಕದಲ್ಲಿ ಇದನ್ನು ಬರೆದುಕೊಳ್ಳಿ. ಇಷ್ಟು ತಿಂದು ಕಲ್ಲು ಒಡೆಯಲು ಆಗುವುದಿಲ್ಲ ಅಂತ ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಜಗಳವಾಡಿದರು.

ಇದನ್ನೆಲ್ಲ ಪುಟಗಟ್ಟಲೆ ವಿವರಿಸಬೇಡಿ. ಶಾನುಭೋಗರು ಜಗುಲಿ ಮೇಲೆ ಕೂತು ಸುದ್ದಿ ಹೇಳುತ್ತಾರೆ, ಮಗು ಕಂಬದ ಹಿಂದೆ ನಿಂತು ಅರ್ಧ ಕೇಳಿಸಿಕೊಳ್ಳುತ್ತದೆ. ರಸ್ತೆ ಕೆಲಸದಲ್ಲಿ ಜಲ್ಲಿ ಅಳೆಯುವ ಪೆಟ್ಟಿಗೆ ತುಂಬದಿದ್ದರೆ ಕೂಲಿ ಇಲ್ಲ, ಅಷ್ಟು ಅದಕ್ಕೆ ಗೊತ್ತು. ಮೈಸೂರು ಅರಮನೆಯಲ್ಲಿ ಆಗ ಇದ್ದ ಚಾಮರಾಜೇಂದ್ರ ಒಡೆಯರಿಗೂ ಹದಿಮೂರೋ ಹದಿನಾಲ್ಕೋ ವರ್ಷ. ತನ್ನಷ್ಟೇ ದೊಡ್ಡ ಹುಡುಗ ರಾಜ ಅಂತ ಕೇಳಿದ ಮಗು ಏನು ಕೇಳಬಹುದು ಅಂತ ಯೋಚಿಸಿ ನೋಡಿ.

ಗಂಜಿ ಕೇಂದ್ರದ ದೃಶ್ಯ ಬರೆಯುವಾಗ ಒಂದು ಸಂಗತಿ ನೆನಪಿರಲಿ. ಯಾರೋ ಬೇಯಿಸಿದ್ದನ್ನು ತಿಂದರೆ ಜಾತಿ ಕೆಡುತ್ತದೆ ಅಂತ ಹಸಿದುಕೊಂಡೇ ಹಿಂದೆ ಸರಿದವರು ಇದ್ದರು. ನಿಮ್ಮ ಕಥೆಯ ಅಜ್ಜಿ ಆ ಸಾಲಿನಲ್ಲಿ ನಿಲ್ಲುತ್ತಾಳಾ? ಇದನ್ನು ನೀವು ಬೇಗ ತೀರ್ಮಾನಿಸಬೇಡಿ. ನನಗೆ ಈ ಒಂದು ಅಧ್ಯಾಯಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಹಂತ 7: ಸಾವನ್ನು ಬರೆಯುವುದು

ಮಕ್ಕಳ ಪುಸ್ತಕ ಅಂತ ಸಾವನ್ನು ಬಿಟ್ಟರೆ ಮಕ್ಕಳಿಗೇ ಮೋಸ. ಹಾಗಂತ ಎಲುಬಿನ ಗೂಡುಗಳನ್ನು ವರ್ಣಿಸಿ ಹೆದರಿಸುವುದೂ ಬೇಡ. ಮದ್ರಾಸ್ ಸೀಮೆಯಲ್ಲಿ ಹೂಪರ್ ಎಂಬ ಸೇನಾಧಿಕಾರಿ ಹಸಿದವರನ್ನು ಸಾಲಾಗಿ ಕೂರಿಸಿ ತೆಗೆದ ಫೋಟೋಗಳಿವೆ. ಅವನ್ನು ನೋಡಿ ವರ್ಣನೆ ಬರೆಯಬೇಡಿ. ಆ ಜನರಿಗೆ ಅಲ್ಲಿ ಹೆಸರಿಲ್ಲ, ನಿಮ್ಮ ಕಥೆಯಲ್ಲಿ ಎಲ್ಲರಿಗೂ ಹೆಸರಿರಬೇಕು.

ನಾನು ಅನುಸರಿಸಿದ ದಾರಿ: ಮೊದಲು ಮನೆಯ ಚಾವಣಿ ಹೋಗುತ್ತದೆ. ಮೇವು ಮುಗಿದಾಗ ಅಪ್ಪ ಸೂರಿನ ಹುಲ್ಲು ಎಳೆದು ಎತ್ತಿಗೆ ಹಾಕುತ್ತಾನೆ. ತಿಮ್ಮಕ್ಕನಿಗೆ ಮಲಗಿದಲ್ಲಿಂದ ನಕ್ಷತ್ರ ಕಾಣುತ್ತದೆ, ಅವಳಿಗೆ ಅದು ಮೊದಮೊದಲು ಖುಷಿ. ಆಮೇಲೆ ಎತ್ತು. ಆಮೇಲೆ ತಾತ. ತಾತ ತನ್ನ ಪಾಲಿನ ಅಂಬಲಿಯನ್ನು ಮೊಮ್ಮಗನ ಬಟ್ಟಲಿಗೆ ಸುರಿಯುವುದನ್ನು ಅವಳು ಮೂರು ಸಲ ನೋಡಿದ್ದಾಳೆ, ಯಾರಿಗೂ ಹೇಳಿಲ್ಲ. ಸಾವಿನ ಅಧ್ಯಾಯ ಒಂದೂವರೆ ಪುಟಕ್ಕಿಂತ ಜಾಸ್ತಿ ಇರಬಾರದು. ಅದರ ಮರುಪುಟದಲ್ಲಿ ಮಗುವಿಗೆ ಕೈತುಂಬ ಕೆಲಸ ಕೊಡಿ.

ಹಂತ 8: ಮಳೆ ಬಂತು ಅಂತ ಪುಸ್ತಕ ಮುಗಿಸಬೇಡಿ

1877ರ ಮಳೆಗಾಲದ ಕೊನೆಯಲ್ಲಿ ಮಳೆ ಹಿಡಿಯಿತು. ಕಥೆ ಅಲ್ಲಿಗೆ ಮುಗಿಯಬಹುದು ಅಂತ ಅನಿಸುತ್ತದೆ. ನಿಜದಲ್ಲಿ ಹಾಗಾಗಲಿಲ್ಲ. ಸೋತ ಮೈಗೆ ಮಳೆಯ ಜೊತೆ ಜ್ವರ ಬಂತು. ಹೊಲ ಹದವಾಗಿದೆ, ಉಳಲು ಎತ್ತಿಲ್ಲ. ಎಷ್ಟೋ ಮನೆಯಲ್ಲಿ ಬೀಜವಿಲ್ಲ. ಕೊನೆಯ ಮೂರು ಅಧ್ಯಾಯ ಇಲ್ಲಿಗೇ ಮೀಸಲಿಡಿ. ಕೂರಿಗೆಯ ನೊಗಕ್ಕೆ ಅಪ್ಪ, ಚಿಕ್ಕಪ್ಪ ಹೆಗಲು ಕೊಡುತ್ತಾರೆ, ಹಿಂದೆ ಬಟ್ಟಲಿಗೆ ರಾಗಿ ಬಿಡುವವಳು ತಿಮ್ಮಕ್ಕ. ಆರು ದಿನದ ಊಟವನ್ನು ಅವಳು ಬೆರಳ ಸಂದಿಯಿಂದ ಮಣ್ಣಿಗೆ ಬಿಡುತ್ತಿದ್ದಾಳೆ. ಹಂತ 3ರಲ್ಲಿ ಇಟ್ಟ ಮಡಕೆ ಬಿಚ್ಚುವುದು ಇಲ್ಲಿ.

ಹಂತ 9: ಮಾತು, ಮತ್ತು ಗಟ್ಟಿಯಾಗಿ ಓದುವುದು

ನಿರೂಪಣೆ ಎಲ್ಲ ಮಕ್ಕಳಿಗೂ ಅರ್ಥವಾಗುವ ಸರಳ ಕನ್ನಡದಲ್ಲಿರಲಿ, ಸಂಭಾಷಣೆ ಆ ಸೀಮೆಯದೇ ಇರಲಿ. ಕೂರಿಗೆ, ಕುಂಟೆ, ಮಿಣಿ, ಅಕ್ಕಡಿ ಇಂಥ ಪದಗಳಿಗೆ ಅರ್ಥಕೋಶ ಕೊಡುವ ಬದಲು ಆ ವಸ್ತು ಕೆಲಸ ಮಾಡುವುದನ್ನು ತೋರಿಸಿ. ಅಧ್ಯಾಯಗಳು ಸಾವಿರದೈನೂರು ಪದ ದಾಟದಿರಲಿ, ಒಂದು ಕೂತಿಗೆ ಓದಿ ಮುಗಿಯುವಷ್ಟು.

ಕರಡು ಮುಗಿದ ಮೇಲೆ ಐದಾರು ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿ. ಎಲ್ಲಿ ಅವರು ಕಿಟಕಿ ಕಡೆ ನೋಡುತ್ತಾರೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಬಹುಪಾಲು ಅದು ನೀವು ಸರ್ಕಾರದ ಬಗ್ಗೆ ಬರೆದ ಜಾಗವೇ ಆಗಿರುತ್ತದೆ. ನಾನು ಓದಿದಾಗ ಒಬ್ಬ ಹುಡುಗ ಮಧ್ಯದಲ್ಲೇ ಕೈ ಎತ್ತಿದ. ತಾತನ ಬಗ್ಗೆ ಕೇಳುತ್ತಾನೆ ಅಂದುಕೊಂಡೆ. "ಕರಿಯ ಎತ್ತು ಹೋಯ್ತು ಸರಿ, ಬೋರ ಏನಾಯ್ತು?" ಅಂದ. ನಾನು ಬೋರನನ್ನು ಏಳನೇ ಅಧ್ಯಾಯದಲ್ಲೇ ಮರೆತುಬಿಟ್ಟಿದ್ದೆ. ಮನೆಗೆ ಬಂದು ಆ ರಾತ್ರಿಯೇ ಎಂಟನೇ ಅಧ್ಯಾಯವನ್ನು ಬೋರನಿಂದ ಶುರು ಮಾಡಿ ಬರೆಯತೊಡಗಿದೆ.